ಯಾತ್ರೆಯ ಬುತ್ತಿ: ತದಡಿ ಬಂದರಿನಿಂದ ಇಂದಿನ ಸೂಟ್‌ಕೇಸಿನವರೆಗೆ

ಹಜ್ಜಿಗೆ ಆಯ್ಕೆಯಾದವರ ಪಟ್ಟಿ ಬಂದ ಮೇಲೆ ನಮ್ಮ ಮೊಹಲ್ಲಾಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಒಂದೇ: ಏನೇನು ಕಟ್ಟಿಕೊಳ್ಳಬೇಕು? ಅಕ್ಕಿ ಬೇಕೇ, ಉಪ್ಪಿನಕಾಯಿ ಬಿಡುತ್ತಾರೆಯೇ, ಎಷ್ಟು ಜೊತೆ ಬಟ್ಟೆ, ಎಷ್ಟು ಕೆ.ಜಿ.? ಕೋಣಂದೂರಿನಂತಹ ಊರಿನಿಂದ ಒಬ್ಬರು ಹೊರಟರೆ ನೆಂಟರು, ನೆರೆಹೊರೆಯವರು ಎಲ್ಲರೂ ಸಾಮಾನು ಕಟ್ಟಲು ಕೂರುತ್ತಾರೆ. ಈ ಪ್ರಶ್ನೆಯನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ದೂರದ ಯಾತ್ರೆಗೆ ಏನು ಒಯ್ಯಬೇಕೆಂಬುದಕ್ಕೆ ನಮ್ಮ ದೀನ್‌ನಲ್ಲಿ ಉತ್ತರವಿದೆ, ನಮ್ಮ ನಾಡಿನ ಇತಿಹಾಸದಲ್ಲಿ ಪಾಠವೂ ಇದೆ. ಈ ತಿಂಗಳು ಅದನ್ನೇ ನೋಡೋಣ.

ಬರಿಗೈಲಿ ಬಂದವರು

ಪ್ರವಾದಿಯವರ(ಸ) ಕಾಲದಲ್ಲಿ ಯಮನ್ ದೇಶದ ಕೆಲವರು ಹಜ್ಜಿಗೆ ಬುತ್ತಿಯಿಲ್ಲದೆ ಹೊರಟುಬರುತ್ತಿದ್ದರು. ನಾವು ಅಲ್ಲಾಹನ ಮೇಲೆ ತವಕ್ಕುಲ್ ಇಟ್ಟವರು ಎಂದು ಹೇಳಿಕೊಳ್ಳುತ್ತಿದ್ದರು. ಮಕ್ಕಾ ತಲುಪಿದ ಮೇಲೆ ಹಸಿವಾದಾಗ ಜನರ ಮುಂದೆ ಕೈ ಚಾಚುತ್ತಿದ್ದರು. ಸೂರಾ ಅಲ್ ಬಖರದ 197ನೇ ಆಯತ್ ಇಂಥವರ ವಿಷಯದಲ್ಲಿ ಇಳಿಯಿತೆಂದು ಹ. ಇಬ್ನು ಅಬ್ಬಾಸ್(ರ) ತಿಳಿಸಿದ್ದನ್ನು ಇಮಾಮ್ ಬುಖಾರಿ ದಾಖಲಿಸಿದ್ದಾರೆ. ಯಾತ್ರೆಗೆ ಬುತ್ತಿ ಕಟ್ಟಿಕೊಳ್ಳಿ ಎಂದು ಆ ಆಯತ್ ಆಜ್ಞಾಪಿಸುತ್ತದೆ. ಬುತ್ತಿಗಳಲ್ಲೆಲ್ಲ ಉತ್ತಮವಾದುದು ತಖ್ವಾ ಎಂದೂ ಅಲ್ಲಿಯೇ ಕಲಿಸುತ್ತದೆ.

ಎರಡೂ ಮಾತು ಒಂದೇ ಆಯತ್‌ನಲ್ಲಿ ಇರುವುದನ್ನು ಗಮನಿಸಬೇಕು. ತಖ್ವಾ ಇದ್ದರೆ ಸಾಕು, ಅಕ್ಕಿ ಬೇಡ ಎನ್ನುವವನು ಮೊದಲ ಭಾಗವನ್ನು ಬಿಟ್ಟ. ಅಕ್ಕಿ ಕಟ್ಟಿದ ಮೇಲೆ ತಖ್ವಾದ ಚಿಂತೆ ಏಕೆ ಎನ್ನುವವನು ಎರಡನೆಯದನ್ನು ಬಿಟ್ಟ. ಸಾಮಾನು ಕಟ್ಟುವುದರ ಉದ್ದೇಶ ಏನೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ನಮ್ಮ ಭಾರವನ್ನು ಇನ್ನೊಬ್ಬರ ಹೆಗಲಿಗೆ ಹಾಕಬಾರದು, ಅಷ್ಟೆ.

ಹಿಜ್ರತ್‌ನ ಎರಡು ಸಿದ್ಧತೆಗಳು

ಕ್ರಿ.ಶ. 622ರ ಹಿಜ್ರತ್ ನಮಗೆ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಪ್ರವಾದಿಯವರೂ(ಸ) ಹ. ಅಬೂಬಕ್ಕರ್(ರ) ಅವರೂ ಮಕ್ಕಾ ಬಿಡುವಾಗ ಬುತ್ತಿ ಸಿದ್ಧಪಡಿಸಿದವರಲ್ಲಿ ಹ. ಅಸ್ಮಾ(ರ) ಒಬ್ಬರು. ಚೀಲದ ಬಾಯಿ ಕಟ್ಟಲು ಹಗ್ಗ ಸಿಗದೆ ಅವರು ತಮ್ಮ ಸೊಂಟದ ಪಟ್ಟಿಯನ್ನೇ ಹರಿದು ಎರಡು ಮಾಡಿದರು. ಅದರಿಂದಲೇ ಅವರಿಗೆ ‘ಝಾತುನ್ನಿತಾಖೈನ್’, ಎರಡು ಪಟ್ಟಿಯವರು, ಎಂಬ ಹೆಸರು ಬಂತು. ಹಜ್ಜಿನ ಪೆಟ್ಟಿಗೆ ತುಂಬಿಸಲು ರಾತ್ರಿಯೆಲ್ಲ ಕೂರುವ ನಮ್ಮ ತಾಯಂದಿರು, ಸೊಸೆಯರು, ಹೆಣ್ಣುಮಕ್ಕಳು ಈ ಸುನ್ನತ್ತಿನ ವಾರಸುದಾರರು.

ಆದರೆ ಅದೇ ಹೊತ್ತಿನಲ್ಲಿ ಇನ್ನೊಂದು ಸಿದ್ಧತೆಯೂ ನಡೆದಿತ್ತು. ಮಕ್ಕಾದ ಜನ ಪ್ರವಾದಿಯವರಲ್ಲಿ(ಸ) ಇಟ್ಟಿದ್ದ ಅಮಾನತ್ತುಗಳನ್ನು ಅವರವರಿಗೆ ಮರಳಿಸುವ ಕೆಲಸಕ್ಕಾಗಿ ಹ. ಅಲಿ(ರ) ಹಿಂದೆ ಉಳಿದರು. ಜೀವ ತೆಗೆಯಲು ಬಂದವರ ಊರಿನಲ್ಲಿಯೂ ಒಬ್ಬರ ವಸ್ತು ಒಬ್ಬರಿಗೆ ತಲುಪದೆ ಇರಲಿಲ್ಲ. ಬುತ್ತಿಯ ಗಂಟು ಒಂದು, ಅಮಾನತ್ತಿನ ಲೆಕ್ಕ ಇನ್ನೊಂದು. ಯಾತ್ರೆಯ ತಯಾರಿ ಎಂದರೆ ಈ ಎರಡೂ ಸೇರಿದ್ದು.

ಹಿಜ್ರಿ 10ರಲ್ಲಿ ಪ್ರವಾದಿಯವರು(ಸ) ಹಜ್ಜಿಗೆ ಹೊರಟಾಗ ಅರಬ್ ನಾಡಿನ ಬಹುಭಾಗ ಅವರ ಮಾತಿಗೆ ಕಿವಿಗೊಡುತ್ತಿತ್ತು. ಆಗಲೂ ಅವರು ಕುಳಿತ ಒಂಟೆಯೇ ಅವರ ಸಾಮಾನನ್ನೂ ಹೊತ್ತಿತ್ತೆಂದು ಹ. ಅನಸ್(ರ) ತಿಳಿಸಿದ್ದಾರೆ. ಸಾಮಾನಿಗೆಂದೇ ಬೇರೆ ಒಂಟೆ ಇರಲಿಲ್ಲ.

ತದಡಿಯಿಂದ ಹೊರಟ ನಾಲ್ಕು ಹಡಗು

ಈಗ ನಮ್ಮ ನಾಡಿಗೆ ಬರೋಣ. ಘಟ್ಟದ ಕೆಳಗೆ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ತದಡಿ ಎಂಬ ಬಂದರಿದೆ. 1786ರ ಮಾರ್ಚ್ 9ರಂದು ಅಲ್ಲಿಂದ ಟಿಪ್ಪು ಸುಲ್ತಾನರ ನಾಲ್ಕು ಹಡಗುಗಳು ಹೊರಟವು. ಗುಲಾಮ್ ಅಲಿ ಖಾನರ ನೇತೃತ್ವದ ಆ ರಾಯಭಾರ ತಂಡ ಹೋಗಬೇಕಾಗಿದ್ದುದು ಇಸ್ತಾಂಬುಲಿಗೆ, ಉಸ್ಮಾನಿ ಸುಲ್ತಾನ್ ಒಂದನೆಯ ಅಬ್ದುಲ್ ಹಮೀದರ ದರ್ಬಾರಿಗೆ. ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಸ್ನೇಹ ಬೇಕಿತ್ತು, ವ್ಯಾಪಾರದ ಅನುಕೂಲವೂ ಬೇಕಿತ್ತು. ಬಸ್ರಾ ಬಂದರನ್ನು ನಮಗೆ ಇಜಾರಕ್ಕೆ ಕೊಡಿ, ಬದಲಿಗೆ ಮಂಗಳೂರಿನಲ್ಲಿ ನೀವು ಅನುಕೂಲ ಪಡೆಯಿರಿ ಎಂಬುದು ಒಂದು ಪ್ರಸ್ತಾಪವಾಗಿತ್ತು.

ಅವರು ಏನನ್ನು ಕಟ್ಟಿಕೊಂಡು ಹೋದರು? ಸುಮಾರು 900 ಜನರ ತಂಡ ಅದು. ಮುನ್ಷಿಗಳು, ದುಭಾಷಿಗಳು, ಸಿಪಾಯಿಗಳು, ಅಡುಗೆಯವರು, ಜಾಡಮಾಲಿಗಳು ಎಲ್ಲರೂ ಇದ್ದರು. ದೊರೆಗಳಿಗೆ ಕೊಡಲು ಉಡುಗೊರೆಗಳಿದ್ದವು. ನಾಲ್ಕು ಆನೆಗಳೂ ಹಡಗು ಹತ್ತಿದವು. ಜೊತೆಗೆ ಮಾರಲೆಂದೇ ಬಟ್ಟೆ, ಶ್ರೀಗಂಧ, ಮೆಣಸು, ಏಲಕ್ಕಿ ತುಂಬಿಕೊಂಡಿದ್ದರು. ದಾರಿಯ ಖರ್ಚು ಆ ಸರಕಿನ ಮಾರಾಟದಿಂದಲೇ ನಡೆಯಬೇಕಿತ್ತು. ಮಸ್ಕತ್‌ನಲ್ಲಿ ಮೈಸೂರಿನದೇ ವ್ಯಾಪಾರದ ಕೋಠಿ ಇತ್ತು. ಹೊಸನಗರದ ಬಳಿಯ ನಗರ, ಅಂದರೆ ಹೈದರ್ ಅಲಿಯವರು 1763ರಲ್ಲಿ ಗೆದ್ದು ಹೈದರ್ ನಗರ ಎಂದು ಹೆಸರಿಟ್ಟ ಬಿದನೂರು, ಆಗ ಇಡೀ ಮಲೆನಾಡಿನ ದೊಡ್ಡ ಪೇಟೆ. ನಮ್ಮ ಈ ಸೀಮೆಯಲ್ಲಿ ಬೆಳೆಯುವ ಮೆಣಸು, ಏಲಕ್ಕಿಯೇ ಅಂದಿನ ಯಾತ್ರೆಗಳಲ್ಲಿ ಹಣದ ಕೆಲಸ ಮಾಡುತ್ತಿತ್ತು. ಪರದೇಶದಲ್ಲಿ ಯಾರ ಮುಂದೂ ಕೈ ಚಾಚದಂತೆ ನೋಡಿಕೊಳ್ಳುವ ಏರ್ಪಾಡು ಅದು.

ಈ ತಂಡದ ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರ್ ದಾರಿಯುದ್ದಕ್ಕೂ ಪಾರ್ಸಿಯಲ್ಲಿ ದಿನಚರಿ ಬರೆದರು. ‘ವಖಾಯೆ ಮನಾಝಿಲೆ ರೂಮ್’ ಎಂಬ ಆ ಪುಸ್ತಕ ನಮಗೆ ಉಳಿದಿರುವುದರಿಂದಲೇ ಇಷ್ಟೆಲ್ಲ ತಿಳಿಯುತ್ತದೆ. ಮಸ್ಕತ್, ಬಸ್ರಾ, ಬಗ್ದಾದ್ ದಾಟಿ ಅವರು ಇಸ್ತಾಂಬುಲ್ ಮುಟ್ಟಿದ್ದು 1787ರಲ್ಲಿ. ಅಷ್ಟರಲ್ಲಿ ಬಿರುಗಾಳಿಗೂ ಬೆಂಕಿಗೂ ಹಡಗುಗಳು ಹಾಳಾಗಿದ್ದವು. ಇಸ್ತಾಂಬುಲಿನ ಚಳಿಯೂ ಪ್ಲೇಗೂ ಬಹಳ ಜನರನ್ನು ಬಲಿ ತೆಗೆದುಕೊಂಡವು. ಬದುಕಿದವರು ಈಜಿಪ್ಟ್ ಮಾರ್ಗವಾಗಿ ಜಿದ್ದಾಕ್ಕೆ ಬಂದು, ಹಜ್ ಮಾಡಿ, 1789ರ ಕೊನೆಗೆ ಕಲ್ಲಿಕೋಟೆಗೆ ಬಂದಿಳಿದರು. ಹೋದ 900 ಜನರಲ್ಲಿ ಬಹುಪಾಲು ಜನ ಮರಳಲಿಲ್ಲ.

ಇಷ್ಟು ಅಚ್ಚುಕಟ್ಟಾಗಿ ಸಿದ್ಧತೆ ಮಾಡಿದ ಯಾತ್ರೆ ಬಹುಶಃ ನಮ್ಮ ನಾಡಿನಿಂದ ಅದಕ್ಕೂ ಮೊದಲು ಹೊರಟಿರಲಿಲ್ಲ. ಆದರೂ ಆನೆ ಕಟ್ಟಿಕೊಂಡು ಹೋದವರಿಗೂ ಮರಳಿ ಬರುವ ಭರವಸೆ ಇರಲಿಲ್ಲ. ಇದರಿಂದ ಸಿದ್ಧತೆ ವ್ಯರ್ಥ ಎಂದು ತಿಳಿಯಬಾರದು. ಸಿದ್ಧತೆ ನಮ್ಮ ಕೈಯದು, ಆಯುಷ್ಯ ಅಲ್ಲಾಹನ ಕೈಯದು ಎಂದು ತಿಳಿಯಬೇಕು.

ಟ್ರಂಕಿನ ತಳದಲ್ಲಿ ಕಫನ್

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದ ಮೇಲೆ ಮಲೆನಾಡಿನವರಿಗೆ ಮುಂಬೈ ಹತ್ತಿರವಾಯಿತು. ಶಿವಮೊಗ್ಗದವರೆಗೆ ಗಾಡಿ ಇಲ್ಲವೇ ಬಸ್ಸು, ಅಲ್ಲಿಂದ ಬೀರೂರು, ಹುಬ್ಬಳ್ಳಿ, ಪುಣೆ ದಾಟಿ ಮುಂಬೈ. ಅಲ್ಲಿನ ಮುಸಾಫಿರ್‌ಖಾನೆಯಲ್ಲಿ ಹಡಗಿಗಾಗಿ ಕಾದು, ಮೊಗಲ್ ಲೈನ್ ಕಂಪನಿಯ ಹಡಗು ಹತ್ತಿ ಜಿದ್ದಾ. ಹೋಗಿ ಬರಲು ತಿಂಗಳುಗಳೇ ಬೇಕಾಗಿದ್ದವು.

ಹಿಂದೆ ಡೆಕ್ಕಿನ ಮೇಲೆ ಪ್ರಯಾಣಿಸುವವರು ತಮ್ಮ ಅಡುಗೆ ತಾವೇ ಮಾಡಿಕೊಳ್ಳಬೇಕಿತ್ತು. ಆದ್ದರಿಂದ ಅಕ್ಕಿ, ಬೇಳೆ, ಎಣ್ಣೆ, ಒಲೆ, ಪಾತ್ರೆ, ಹಾಸಿಗೆ ಎಲ್ಲವೂ ಜೊತೆಗೆ ಹೋಗುತ್ತಿತ್ತು. ಮಿಡಿ ಉಪ್ಪಿನಕಾಯಿಯ ಭರಣಿ ಒಡೆಯದಂತೆ ಹಾಸಿಗೆಯ ನಡುವೆ ಸುತ್ತಿಡುತ್ತಿದ್ದರು. ಯಲಮ್ಲಮ್ ಸಮೀಪಿಸುವಾಗ ಹಡಗಿನಲ್ಲೇ ಇಹ್ರಾಮ್ ಧರಿಸಬೇಕಾದ್ದರಿಂದ ಆ ಎರಡು ಬಿಳಿ ಬಟ್ಟೆ ಕೈಗೆಟಕುವಲ್ಲಿ ಇರುತ್ತಿದ್ದವು. ಟ್ರಂಕಿನ ತಳದಲ್ಲಿ ಇನ್ನೊಂದು ಬಿಳಿ ಬಟ್ಟೆ ಇರುತ್ತಿತ್ತು, ಅದು ಕಫನ್. ಬದುಕಿ ಬಂದರೆ ಅದನ್ನೇ ಝಮ್‌ಝಮ್ ನೀರಿನಲ್ಲಿ ಅದ್ದಿ ಒಣಗಿಸಿ ಊರಿಗೆ ತರುತ್ತಿದ್ದರು.

ಈ ಎಚ್ಚರ ಅಕಾರಣವಾಗಿರಲಿಲ್ಲ. 1865ರಲ್ಲಿ ಹಿಜಾಝ್‌ನಲ್ಲಿ ಹರಡಿದ ಕಾಲರಾಕ್ಕೆ ಸಾವಿರಾರು ಹಾಜಿಗಳು ಬಲಿಯಾಗಿದ್ದರು. ಆಮೇಲೆ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಯಾತ್ರಿಕರ ಹಡಗುಗಳನ್ನು ತಡೆದು, ಜನರನ್ನು ಇಳಿಸಿ, ಬಟ್ಟೆಬರೆಯನ್ನು ಹಬೆಯಲ್ಲಿ ಶುದ್ಧಮಾಡುವ ಕ್ವಾರಂಟೈನ್ ಜಾರಿಗೆ ಬಂತು.

ಯಮನ್‌ನವರ ಹಳೆಯ ಸಮಸ್ಯೆಯೂ ಮತ್ತೆ ತಲೆಯೆತ್ತಿತ್ತು. ಹೋಗುವ ಟಿಕೆಟಿಗಷ್ಟೇ ಹಣ ಕೂಡಿಸಿ ಹೊರಟವರು ಹಿಂದಿರುಗಲಾಗದೆ ಜಿದ್ದಾದ ಬೀದಿಗಳಲ್ಲಿ ಉಳಿಯುತ್ತಿದ್ದರು. ಕೊನೆಗೆ 1920ರ ದಶಕದಲ್ಲಿ, ಮರಳುವ ಟಿಕೆಟ್ ಇಲ್ಲವೇ ಅದರ ಠೇವಣಿ ಇಲ್ಲದೆ ಹೋಗುವಂತಿಲ್ಲ ಎಂದು ಕಾನೂನೇ ಬಂತು. ಸ್ವತಂತ್ರ ಭಾರತದಲ್ಲಿ, 1959ರಲ್ಲಿ, ರಿಸರ್ವ್ ಬ್ಯಾಂಕು ಹಾಜಿಗಳಿಗೆಂದೇ 10 ಮತ್ತು 100 ರೂಪಾಯಿಯ ಪ್ರತ್ಯೇಕ ನೋಟುಗಳನ್ನು ಹೊರಡಿಸಿತು. ಮುಂಬೈಯಿಂದ ಹಡಗಿನ ಹಜ್ ಯಾತ್ರೆ 1995ಕ್ಕೆ ನಿಂತುಹೋಯಿತು.

ಇಂದು ಏನನ್ನು ಒಯ್ಯಬೇಕು?

ಈಗ ಬೆಂಗಳೂರಿನ ಹಜ್ ಭವನದಿಂದ ಹೊರಟರೆ ಕೆಲವೇ ಗಂಟೆಗಳಲ್ಲಿ ಅರಬ್ ನಾಡು. ತೂಕದ ಮಿತಿ ವರ್ಷದಿಂದ ವರ್ಷಕ್ಕೆ ಬದಲಾಗಬಹುದು, ಹಜ್ ಕಮಿಟಿ ಕೊಡುವ ಸೂಚನೆಯನ್ನೇ ನಂಬಬೇಕು. ಎರಡು ಜೊತೆ ಇಹ್ರಾಮ್, ಸಡಿಲವಾದ ಹತ್ತಿ ಬಟ್ಟೆ, ನಡೆದು ಅಭ್ಯಾಸವಾದ ಹಳೆಯ ಚಪ್ಪಲಿ, ಕೊಡೆ, ನೀರಿನ ಬಾಟಲಿ, ವಾಸನೆಯಿಲ್ಲದ ಸೋಪು ಇವು ಮುಖ್ಯ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಪೂರ್ತಿ ಅವಧಿಗೆ ಸಾಕಾಗುವಷ್ಟು, ವೈದ್ಯರ ಚೀಟಿಯ ಸಮೇತ ಒಯ್ಯಬೇಕು. ಮೆನಿಂಜೈಟಿಸ್ ಲಸಿಕೆ ಕಡ್ಡಾಯ.

ನಮ್ಮ ಅಡುಗೆಮನೆಯವರಿಗೆ ಒಂದು ಎಚ್ಚರಿಕೆ. ಗಸಗಸೆ ಸೌದಿಯಲ್ಲಿ ಮಾದಕ ವಸ್ತುವಿನ ಲೆಕ್ಕ. ಮಸಾಲೆ ಪುಡಿಯಲ್ಲಿ ಬೆರೆತಿದ್ದರೂ ಜೈಲು ಪಾಲಾಗಬಹುದು. ಸ್ಟವ್, ಸೀಮೆಎಣ್ಣೆ, ಗುಟ್ಕಾ ಯಾವುದೂ ಕೂಡದು. ಅಲ್ಲಿರುವ ನಮ್ಮ ಮಗನಿಗೆ ಕೊಡಿ ಎಂದು ಯಾರಾದರೂ ಪೊಟ್ಟಣ ತಂದರೆ, ಎಷ್ಟೇ ಹತ್ತಿರದವರಾದರೂ ಅವರ ಎದುರಿಗೇ ಬಿಚ್ಚಿ ನೋಡಿ. ಒಳಗೇನಿದೆ ಎಂದು ತಿಳಿಯದ ವಸ್ತುವನ್ನು ಹೊರುವುದು ಅಮಾನತ್ ಆಗುವುದಿಲ್ಲ.

ಪೆಟ್ಟಿಗೆಗೆ ಹಿಡಿಯದ ಸಾಮಾನು

ಇನ್ನು ಹ. ಅಲಿ(ರ) ಮಾಡಿದ ಕೆಲಸ. ಹಜ್ಜಿಗೆ ಮುನ್ನ ನಮ್ಮವರು ಮನೆಮನೆಗೆ ಹೋಗಿ “ಕಹಾ ಸುನಾ ಮಾಫ್ ಕರೋ” ಎನ್ನುತ್ತಾರೆ. ಒಳ್ಳೆಯ ರೂಢಿ, ಉಳಿಯಬೇಕು. ಆದರೆ ಈ ಮಾತು ಬೈಗುಳಕ್ಕೆ, ಮುನಿಸಿಗೆ ಸಾಕಾದೀತು, ಬಾಕಿಗೆ ಸಾಕಾಗುವುದಿಲ್ಲ. ಶಹೀದನ ಪಾಪಗಳೆಲ್ಲ ಮಾಫಾದರೂ ಸಾಲ ಮಾಫಾಗುವುದಿಲ್ಲ ಎಂದು ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ. ಕಿರಾಣಿ ಅಂಗಡಿಯ ಲೆಕ್ಕ, ಕೂಲಿಯವರ ಉಳಿದ ದಿನಗೂಲಿ, ಅಡಿಕೆ ವ್ಯಾಪಾರದಲ್ಲಿ ಉಳಿದುಹೋದ ಮೊತ್ತ ಇವನ್ನು ತೀರಿಸಬೇಕು. ತೀರದಿದ್ದರೆ ಸಾಲ ಕೊಟ್ಟವರ ಒಪ್ಪಿಗೆ ಪಡೆದು, ಇಬ್ಬರು ಸಾಕ್ಷಿಗಳ ಮುಂದೆ ಬರೆದಿಡಬೇಕು. ಬಿಟ್ಟುಹೋಗುವ ಆಸ್ತಿ ಇರುವವನು ಎರಡು ರಾತ್ರಿಯನ್ನೂ ಲಿಖಿತ ವಸಿಯತ್ ಇಲ್ಲದೆ ಕಳೆಯಬಾರದು ಎಂಬುದು ಹ. ಇಬ್ನು ಉಮರ್(ರ) ತಿಳಿಸಿದ ಹದೀಸಿನ ಸಾರ.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಊರುಗಳಲ್ಲಿ ಮರೆತುಹೋಗುವ ಅಮಾನತ್ ಒಂದಿದೆ. ಅದು ಅಕ್ಕತಂಗಿಯರ ಪಾಲು. ತಂದೆ ಬಿಟ್ಟುಹೋದ ತೋಟವನ್ನು ಗಂಡುಮಕ್ಕಳು ಹಂಚಿಕೊಳ್ಳುತ್ತಾರೆ. ಮದುವೆಯಲ್ಲಿ ಕೊಟ್ಟಾಗಿದೆ, ಅವಳು ಕೇಳಿಲ್ಲ ಎನ್ನುತ್ತಾರೆ. ಸೂರಾ ಅನ್ನಿಸಾದಲ್ಲಿ ಅಲ್ಲಾಹನೇ ನಿಗದಿ ಮಾಡಿದ ಪಾಲನ್ನು ಅವಳು ಕೇಳಲೇಬೇಕೆಂದಿಲ್ಲ. ಅಣ್ಣನ ಮೇಲಿನ ಅಕ್ಕರೆಗೋ, ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಗೋ ಬಾಯಿ ಮುಚ್ಚಿಕೊಂಡಿರುವ ತಂಗಿಯ ಮೌನವನ್ನು ಒಪ್ಪಿಗೆ ಎಂದು ಎಣಿಸುವಂತಿಲ್ಲ. ಆ ತೋಟದ ಅಡಿಕೆ ಮಾರಿದ ಹಣದಲ್ಲೇ ಹಜ್ಜಿನ ಕಂತು ಕಟ್ಟುವುದಾದರೆ, ಅದರಲ್ಲಿ ಅವಳ ರೂಪಾಯಿಯೂ ಸೇರಿರುತ್ತದೆ.

ಆದ್ದರಿಂದ ಈ ವರ್ಷ ಹೊರಡುವ ಸೋದರರಲ್ಲಿ ನಮ್ಮ ವಿನಂತಿ ಇಷ್ಟೆ. ಬೀಳ್ಕೊಡುಗೆಯ ಊಟಕ್ಕೆ ತಂಗಿಯನ್ನು ಕರೆಯುವ ಮೊದಲು ಅವಳ ಮನೆಗೆ ನೀವೇ ಹೋಗಿ. ಕಾಗದಪತ್ರ ಜೊತೆಗಿರಲಿ. ಅವಳ ಪಾಲನ್ನು ಅವಳ ಕೈಗಿಟ್ಟ ಮೇಲೆ, ಅವಳು ಸಂತೋಷದಿಂದ ಮರಳಿಸಿದರೆ ಅದು ಅವಳ ಇಚ್ಛೆ, ಇಟ್ಟುಕೊಂಡರೆ ಅದು ಅವಳ ಹಕ್ಕು. ಆಮೇಲೆ ಮನೆಗೆ ಬಂದು ಸೂಟ್‌ಕೇಸು ಬಿಚ್ಚಿ. ಒಂದೆರಡು ಉಪ್ಪಿನಕಾಯಿ ಬಾಟಲಿ ಕಡಿಮೆಯಾದರೂ ಬುತ್ತಿ ತುಂಬಿರುತ್ತದೆ.

ಹೊರಡುವ ಎಲ್ಲ ಯಾತ್ರಿಕರ ಹಜ್ಜನ್ನು ಅಲ್ಲಾಹನು ಸ್ವೀಕರಿಸಲಿ, ಅವರನ್ನು ಕ್ಷೇಮವಾಗಿ ಮನೆಗೆ ಮರಳಿಸಲಿ. ಆಮೀನ್.