ಬಾಗಿಲವರೆಗೆ ಬಂದ ದುಭಾಷಿ: ಲಿನಕ್ಸ್‌ನಲ್ಲಿ ವಿಂಡೋಸ್ ಆಟಗಳ ಚರಿತ್ರೆ

2006ರ ನವೆಂಬರ್‌ನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆನ್‌ಲೈನ್ ಆಟದ ಕೆಲವು ಆಟಗಾರರ ಖಾತೆಗಳು ಇದ್ದಕ್ಕಿದ್ದಂತೆ ಮುಚ್ಚಿಹೋದವು. ಅನಧಿಕೃತ ತಂತ್ರಾಂಶ ಬಳಸಿ ಮೋಸ ಮಾಡಿದ್ದಾರೆ ಎಂಬುದು ಆರೋಪ. ಅವರು ಮೋಸ ಮಾಡಿರಲಿಲ್ಲ. ವಿಂಡೋಸ್‌ಗಾಗಿ ಬರೆದ ಆ ಆಟವನ್ನು ಲಿನಕ್ಸ್ ಕಂಪ್ಯೂಟರಿನಲ್ಲಿ, ಸೆಡೆಗಾ ಎಂಬ ತಂತ್ರಾಂಶದ ನೆರವಿನಿಂದ ಆಡುತ್ತಿದ್ದರು, ಅಷ್ಟೇ. ಮೋಸಗಾರರನ್ನು ಹಿಡಿಯಲೆಂದು ಆಟದೊಳಗೆ ಇರಿಸಿದ್ದ ‘ವಾರ್ಡನ್’ ಎಂಬ ಕಾವಲು ತಂತ್ರಾಂಶಕ್ಕೆ ಈ ಅಪರಿಚಿತ ಪರಿಸರ ಅನುಮಾನ ಹುಟ್ಟಿಸಿತ್ತು. ಆಟದ ಒಡೆಯ ಬ್ಲಿಝಾರ್ಡ್ ಕಂಪನಿ ಪರಿಶೀಲಿಸಿ ಖಾತೆಗಳನ್ನು ಮರಳಿಸಿತು.

ಘಟನೆ ಚಿಕ್ಕದು. ಆದರೆ ಲಿನಕ್ಸ್ ಆಟಗಾರರ ಮೂವತ್ತು ವರ್ಷಗಳ ಕಥೆಯ ಎರಡು ಪ್ರಶ್ನೆಗಳೂ ಅದರಲ್ಲಿವೆ. ಈ ಆಟ ಇಲ್ಲಿ ನಡೆಯುತ್ತದೆಯೇ? ನಡೆಯುವುದಾದರೆ, ಆಡಲು ಬಿಡುತ್ತಾರೆಯೇ? ಮೊದಲನೆಯದಕ್ಕೆ ಉತ್ತರ ಸಿಗಲು ಕಾಲು ಶತಮಾನ ಹಿಡಿಯಿತು. ಎರಡನೆಯದಕ್ಕೆ ಇನ್ನೂ ಸಿಕ್ಕಿಲ್ಲ.

ವಿಂಡೋಸ್ ಮತ್ತು ಲಿನಕ್ಸ್ ಒಂದೇ ಬಗೆಯ ಪ್ರೊಸೆಸರಿನ ಮೇಲೆ ಓಡುತ್ತವೆ. ಹಾಗಿದ್ದೂ ಒಂದರ ಪ್ರೋಗ್ರಾಂ ಇನ್ನೊಂದರಲ್ಲಿ ನಡೆಯದಿರಲು ಕಾರಣ ಭಾಷೆ. ಕಡತ ತೆರೆಯುವುದು, ಕಿಟಕಿ ಬಿಡಿಸುವುದು, ಮೌಸ್ ಎಲ್ಲಿದೆ ಎಂದು ತಿಳಿಯುವುದು—ಇದಕ್ಕೆಲ್ಲ ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂ ಅನ್ನು ಕೇಳಿಕೊಳ್ಳಬೇಕು. ವಿಂಡೋಸ್ ಪ್ರೋಗ್ರಾಂ ಕೇಳುವ ಮಾತು ಲಿನಕ್ಸ್‌ಗೆ ಅರ್ಥವಾಗುವುದಿಲ್ಲ. 1993ರಲ್ಲಿ ಬಾಬ್ ಆಮ್‌ಸ್ಟಾಟ್ ಮತ್ತಿತರರು ಆರಂಭಿಸಿದ ‘ವೈನ್’ ಯೋಜನೆ ಇವೆರಡರ ನಡುವೆ ದುಭಾಷಿಯನ್ನು ನಿಲ್ಲಿಸಲು ಹೊರಟಿತು. ಮರುವರ್ಷ ಅದರ ಹೊಣೆ ಹೊತ್ತ ಅಲೆಕ್ಸಾಂಡರ್ ಜೂಲಿಯಾರ್ ಅಲ್ಲಿಂದ ಈಚೆಗೂ ಅದನ್ನು ಮುನ್ನಡೆಸುತ್ತ ಬಂದಿದ್ದಾರೆ.

ಮೈಕ್ರೋಸಾಫ್ಟ್ ತನ್ನ ಮೂಲ ಕೋಡನ್ನು ಸಾರ್ವಜನಿಕವಾಗಿ ತೋರಿಸುತ್ತಿರಲಿಲ್ಲ. ಹಾಗಾಗಿ ವೈನ್ ಬಳಗಕ್ಕೆ ಇದ್ದದ್ದು ಹೊರಗೆ ನಿಂತು ಗಮನಿಸುವ ದಾರಿ. ವಿಂಡೋಸ್‌ಗೆ ಒಂದು ಪ್ರಶ್ನೆ ಕೇಳುವುದು, ಬಂದ ಉತ್ತರ ಬರೆದುಕೊಳ್ಳುವುದು, ಅದೇ ಉತ್ತರ ಕೊಡುವ ಕೋಡನ್ನು ತಾವೇ ಬರೆಯುವುದು. ಇಂಥ ಸಾವಿರಾರು ಪ್ರಶ್ನೆಗಳಿದ್ದವು. ವಿಂಡೋಸ್ ಎಲ್ಲಿ ಎಡವುತ್ತದೋ ಅಲ್ಲಿ ವೈನ್ ಕೂಡ ಎಡವಬೇಕಿತ್ತು. ಎಷ್ಟೋ ಪ್ರೋಗ್ರಾಂಗಳು ಆ ಎಡವುವಿಕೆಯನ್ನೇ ನಂಬಿಕೊಂಡಿದ್ದವು. ವೈನ್‌ನ 1.0 ಆವೃತ್ತಿ ಹೊರಬಂದದ್ದು 2008ರ ಜೂನ್‌ನಲ್ಲಿ, ಅಂದರೆ ಹದಿನೈದು ವರ್ಷಗಳ ಬಳಿಕ.

ಆಟಗಳದ್ದು ಇನ್ನೂ ದೊಡ್ಡ ತೊಡಕು. ಅವು ಚಿತ್ರ ಮೂಡಿಸಲು ಮೈಕ್ರೋಸಾಫ್ಟಿನ ಡೈರೆಕ್ಟ್‌3ಡಿ ಎಂಬ ಪ್ರತ್ಯೇಕ ವ್ಯವಸ್ಥೆಯನ್ನು ಬಳಸುತ್ತಿದ್ದವು. ಟ್ರಾನ್ಸ್‌ಗೇಮಿಂಗ್ ಎಂಬ ಕಂಪನಿ ವೈನ್ ಕೋಡನ್ನು ತೆಗೆದುಕೊಂಡು, ಆಟಗಳಿಗೆ ಬೇಕಾದುದನ್ನು ಸೇರಿಸಿ, ಚಂದಾ ಕಟ್ಟಿದವರಿಗೆ ಕೊಡತೊಡಗಿತು. ಸೆಡೆಗಾ ಹುಟ್ಟಿದ್ದು ಹೀಗೆ. ಆಗಿನ ಪರವಾನಗಿಯ ಪ್ರಕಾರ ವೈನ್ ಕೋಡನ್ನು ಯಾರು ಬೇಕಾದರೂ ಒಯ್ಯಬಹುದಿತ್ತು, ಏನನ್ನೂ ಮರಳಿಸಬೇಕಿರಲಿಲ್ಲ. ಬಾವಿ ಎಲ್ಲರದು, ಮೋಟಾರು ಒಬ್ಬರದು ಎಂಬಂಥ ಸ್ಥಿತಿ. 2002ರಲ್ಲಿ ವೈನ್ ತನ್ನ ಪರವಾನಗಿಯನ್ನು ಬದಲಿಸಿತು: ತಿದ್ದಿ ಹಂಚುವವರು ತಿದ್ದಿದ್ದನ್ನೂ ಹಂಚಬೇಕು. ಸೆಡೆಗಾ ಕಾಲಕ್ರಮೇಣ ಮರೆಯಾಯಿತು, ವೈನ್ ಉಳಿಯಿತು.

ಮುಂದಿನ ತಿರುವು ಬಂದದ್ದು ಲಿನಕ್ಸ್ ಪ್ರೀತಿಯಿಂದಲ್ಲ, ವ್ಯಾಪಾರದ ಭಯದಿಂದ. 2012ರಲ್ಲಿ ವಿಂಡೋಸ್ 8 ತನ್ನದೇ ಆ್ಯಪ್ ಅಂಗಡಿಯೊಂದಿಗೆ ಬಂತು. ವಿಂಡೋಸ್ ಆಟಗಳನ್ನು ಮಾರುವ ಸ್ಟೀಮ್ ಮಳಿಗೆಯನ್ನು ನಡೆಸುತ್ತಿದ್ದ ವಾಲ್ವ್ ಕಂಪನಿಗೆ ಅಪಾಯ ಕಾಣಿಸಿತು. ಅದರ ಮುಖ್ಯಸ್ಥ ಗೇಬ್ ನ್ಯೂವೆಲ್ ವಿಂಡೋಸ್ 8 ಅನ್ನು ಬಹಿರಂಗವಾಗಿಯೇ ಅನಾಹುತವೆಂದು ಕರೆದರು. 2013ರ ಫೆಬ್ರವರಿಯಲ್ಲಿ ಸ್ಟೀಮ್ ಲಿನಕ್ಸ್‌ಗೆ ಬಂತು. 2015ರಲ್ಲಿ ಲಿನಕ್ಸ್ ಆಧಾರಿತ ‘ಸ್ಟೀಮ್ ಮಷೀನ್’ಗಳು ಬಂದು ಸೋತವು. ಅವುಗಳಲ್ಲಿ ಆಡಲು ಸಾಕಷ್ಟು ಆಟಗಳೇ ಇರಲಿಲ್ಲ.

ಆಟದ ಕಂಪನಿಗಳು ಲಿನಕ್ಸ್‌ಗೆ ಬರುವುದಿಲ್ಲವಾದರೆ ವಿಂಡೋಸ್ ಆಟಗಳನ್ನೇ ಇಲ್ಲಿ ಓಡಿಸಬೇಕು. ಆ ಹೊತ್ತಿಗೆ ‘ನಿಯರ್: ಆಟೊಮಾಟಾ’ ಎಂಬ ಆಟವನ್ನು ಲಿನಕ್ಸ್‌ನಲ್ಲಿ ಆಡಬೇಕೆಂದು ಹಟ ಹಿಡಿದ ಫಿಲಿಪ್ ರೆಬೋಲೆ, ಡೈರೆಕ್ಟ್‌3ಡಿ ಮಾತನ್ನು ವಲ್ಕನ್ ಎಂಬ ಹೊಸ ಮುಕ್ತ ವ್ಯವಸ್ಥೆಯ ಮಾತಿಗೆ ತರ್ಜುಮೆ ಮಾಡುವ ಡಿಎಕ್ಸ್‌ವಿಕೆ ಬರೆಯತೊಡಗಿದ್ದರು. ವಾಲ್ವ್ ಅವರ ಬೆಂಬಲಕ್ಕೆ ನಿಂತಿತು. ವೈನ್ ಮತ್ತು ಡಿಎಕ್ಸ್‌ವಿಕೆ ಒಳಗೊಂಡ ‘ಪ್ರೋಟಾನ್’ 2018ರ ಆಗಸ್ಟ್ 21ರಂದು ಬಂದಾಗ ಅಧಿಕೃತ ಪಟ್ಟಿಯಲ್ಲಿದ್ದದ್ದು 27 ಆಟಗಳು. ಪಟ್ಟಿಯಾಚೆಗೂ ನಡೆಯುವ ಆಟಗಳ ಸಂಖ್ಯೆ ಬೇಗನೆ ಸಾವಿರಗಳಿಗೆ ಬೆಳೆಯಿತು. 2022ರ ಫೆಬ್ರವರಿಯಲ್ಲಿ ಗ್ರಾಹಕರ ಕೈಸೇರಿದ ಸ್ಟೀಮ್ ಡೆಕ್ ಎಂಬ ಅಂಗೈ ಯಂತ್ರದಲ್ಲಿ ಇರುವುದೂ ಲಿನಕ್ಸೇ. ಅದನ್ನು ಕೊಂಡ ಅನೇಕರಿಗೆ ಅದು ಗೊತ್ತೂ ಇರಲಿಕ್ಕಿಲ್ಲ. ಮೊದಲ ಪ್ರಶ್ನೆ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು.

ಉಳಿದದ್ದು ವಾರ್ಡನ್ ಎತ್ತಿದ ಪ್ರಶ್ನೆ. ಅಷ್ಟರಲ್ಲಿ ಕಾವಲುಗಾರರು ಬಹಳ ಒಳಕ್ಕೆ ಹೋಗಿದ್ದರು. ಕಂಪ್ಯೂಟರಿನ ಗರ್ಭಗುಡಿ ಎಂದರೆ ಕರ್ನಲ್. ಅಲ್ಲಿರುವ ಕೋಡಿಗೆ ಇಡೀ ಯಂತ್ರವೇ ತೆರೆದಿರುತ್ತದೆ. ಮೋಸದ ತಂತ್ರಾಂಶಗಳು ಅಲ್ಲಿ ಅಡಗತೊಡಗಿದಾಗ ಅವನ್ನು ಹಿಡಿಯುವವರೂ ಅಲ್ಲಿಗೇ ಹೊಕ್ಕರು. 2020ರಲ್ಲಿ ‘ವ್ಯಾಲೊರಂಟ್’ ಆಟದೊಂದಿಗೆ ಬಂದ ವ್ಯಾನ್‌ಗಾರ್ಡ್, ಕಂಪ್ಯೂಟರ್ ಹೊತ್ತಿಕೊಳ್ಳುವಾಗಲೇ ಕರ್ನಲ್ಲಿನಲ್ಲಿ ಕೂರುತ್ತದೆ. ವೈನ್ ಎಂಬ ದುಭಾಷಿ ನಿಲ್ಲುವುದು ಗರ್ಭಗುಡಿಯ ಬಾಗಿಲ ಹೊರಗೆ. ಒಳಗಿರುವುದು ಲಿನಕ್ಸ್‌ನ ಸ್ವಂತ ಕರ್ನಲ್. ವಿಂಡೋಸ್ ಕರ್ನಲ್ಲಿಗೆಂದು ಬರೆದ ಕಾವಲುಗಾರನಿಗೆ ಅಲ್ಲಿ ಜಾಗವಿಲ್ಲ.

2021ರ ಸೆಪ್ಟೆಂಬರಿನಲ್ಲಿ ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ, ಎರಡೂ ಪ್ರೋಟಾನ್‌ಗೆ ದಾರಿ ಬಿಟ್ಟವು. ಬಳಸುವ ತೀರ್ಮಾನ ಮಾತ್ರ ಆಯಾ ಆಟದವರದು. ‘ಏಪೆಕ್ಸ್ ಲೆಜೆಂಡ್ಸ್’ ಒಪ್ಪಿತು. ಈಸಿ ಆ್ಯಂಟಿ-ಚೀಟ್‌ನ ಒಡೆಯನೇ ಆದ ಎಪಿಕ್ ತನ್ನ ‘ಫೋರ್ಟ್‌ನೈಟ್’ಗೆ ಒಪ್ಪಲಿಲ್ಲ. 2024 ಸರದಿಯಲ್ಲಿ ಬಾಗಿಲು ಮುಚ್ಚಿದ ವರ್ಷ: ಮೇ ತಿಂಗಳಲ್ಲಿ ‘ಲೀಗ್ ಆಫ್ ಲೆಜೆಂಡ್ಸ್’ಗೆ ವ್ಯಾನ್‌ಗಾರ್ಡ್ ಬಂತು, ಸೆಪ್ಟೆಂಬರಿನಲ್ಲಿ ‘ಜಿಟಿಎ ಆನ್‌ಲೈನ್’ ಲಿನಕ್ಸ್ ಬೆಂಬಲವಿಲ್ಲದೆ ಬ್ಯಾಟಲ್‌ಐ ಅಳವಡಿಸಿತು, ಅಕ್ಟೋಬರ್ 31ರಂದು ‘ಏಪೆಕ್ಸ್’ ಕೂಡ ಲಿನಕ್ಸ್ ಆಟಗಾರರನ್ನು ಹೊರಗಿಟ್ಟಿತು.

ಕಂಪನಿಗಳ ವಾದ ಹುಸಿಯಲ್ಲ. ಲಿನಕ್ಸ್ ಕರ್ನಲ್ಲನ್ನು ಯಾರು ಬೇಕಾದರೂ ತಿದ್ದಿ ಕಟ್ಟಬಹುದು. ಕಾವಲುಗಾರನಿಗೆ ಸುಳ್ಳು ಹೇಳುವ ಕರ್ನಲ್ಲನ್ನೂ ಕಟ್ಟಬಹುದು. ಗೋಡೆಯಾಚೆ ನೋಡಬಲ್ಲ ಮೋಸಗಾರನ ಎದುರು ಆಡುವವನ ಸಂಕಟವೂ ನಿಜ. ಸ್ಟೀಮ್ ಬಳಸುವವರಲ್ಲಿ ಲಿನಕ್ಸ್‌ನವರು ಆಗ ನೂರಕ್ಕೆ ಎರಡರ ಆಸುಪಾಸು ಇದ್ದರು. ಅವರನ್ನು ಬಿಟ್ಟರೆ ವ್ಯಾಪಾರಕ್ಕೆ ನಷ್ಟ ಅಲ್ಪ.

ಆದರೆ ಇನ್ನೊಂದು ಮಗ್ಗುಲಿದೆ. ಅದೇ 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು, ವಿಮಾನಗಳು ನಿಂತವು. ಆ ತಂತ್ರಾಂಶವೂ ಕರ್ನಲ್ಲಿನೊಳಗೆ ಕೂತಿತ್ತು. ಭದ್ರತಾ ತಂತ್ರಾಂಶಗಳು ಕರ್ನಲ್ಲಿನ ಹೊರಗೆ ನಿಂತೇ ಕೆಲಸ ಮಾಡುವ ದಾರಿಯನ್ನು ಆಮೇಲೆ ಮೈಕ್ರೋಸಾಫ್ಟೇ ಹುಡುಕತೊಡಗಿತು. ಇನ್ನು ಆಟದ ಸರ್ವರಿನಲ್ಲೇ ಮಾಡಬಹುದಾದ ಕಾವಲೂ ಉಂಟು. ಆಟಗಾರನ ಕಣ್ಣಿಗೆ ಕಾಣಬಾರದ ಎದುರಾಳಿಯ ಸುಳಿವನ್ನು ಅವನ ಕಂಪ್ಯೂಟರಿಗೆ ಕಳಿಸದಿದ್ದರೆ ಗೋಡೆಯಾಚೆ ನೋಡಲು ಏನೂ ಇರುವುದಿಲ್ಲ. ವ್ಯಾಲೊರಂಟ್ ಕೂಡ ಈ ಉಪಾಯ ಬಳಸುತ್ತದೆ. ಎಲ್ಲ ಮೋಸಕ್ಕೂ ಅದು ಮದ್ದಲ್ಲ. ಗುರಿಯನ್ನು ತಾನೇ ಹಿಡಿದುಕೊಡುವ ತಂತ್ರಾಂಶವನ್ನು ಅದು ತಡೆಯಲಾರದು.

2006ರಲ್ಲಿ ಲಿನಕ್ಸ್ ಆಟಗಾರರು ಹೊರಬಿದ್ದದ್ದು ತಪ್ಪು ಗ್ರಹಿಕೆಯಿಂದ, ಅದನ್ನು ಸರಿಪಡಿಸಲು ಸಾಧ್ಯವಿತ್ತು. 2024ರಲ್ಲಿ ಹೊರಬಿದ್ದದ್ದು ತಿಳಿದು ಮಾಡಿದ ತೀರ್ಮಾನದಿಂದ. ಇಲ್ಲಿ ಆಟಗಾರ ಮೋಸಗಾರನೆಂದು ಯಾರೂ ಹೇಳಿಲ್ಲ. ಅವನ ಯಂತ್ರದ ಗರ್ಭಗುಡಿಯ ಬೀಗದಕೈ ಅವನ ಬಳಿಯೇ ಇದೆ ಎಂಬುದೇ ಅನುಮಾನಕ್ಕೆ ಸಾಕಾಯಿತು. ಭಾಷೆಯ ಅಡ್ಡಗೋಡೆಯನ್ನು ದುಭಾಷಿ ದಾಟಿಸಬಲ್ಲ, ನಂಬಿಕೆಯದನ್ನಲ್ಲ.