ಅಂಚೆಯಲ್ಲಿ ಬರುತ್ತಿದ್ದ ಜಗಳಗಳು

ಜಗಳ ಶುರುವಾಗಿದ್ದು ಒಂದು ಬೆಂಕಿಯುಂಡೆಯಿಂದ. ರಾಜಾಜಿನಗರದ ಒಂದು ಮಹಡಿ ಕೋಣೆಯಲ್ಲಿ ನಾವು ಐದು ಜನ ಭಾನುವಾರ ಮಧ್ಯಾಹ್ನ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಿದ್ದೆವು. ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಗೆದ್ದವರು, ಸೋತವರು ಎಂದಿಲ್ಲ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಒಬ್ಬ ಮಾತ್ರ ಆ ಲೋಕವನ್ನು ಕಟ್ಟಿ ಹೇಳುತ್ತಾನೆ, ಏನಾಯಿತೆಂದು ತೀರ್ಮಾನ ಕೊಡುತ್ತಾನೆ. ಅನುಮಾನ ಬಂದಲ್ಲಿ 20 ಮುಖದ ದಾಳ ಉರುಳುತ್ತದೆ. ವೇಷವಿಲ್ಲದೆ ಕೂತು, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ಕೃಷ್ಣನೋ ಕೌರವನೋ ಆಗಿಬಿಡುವ ತಾಳಮದ್ದಳೆಯನ್ನು ನೋಡಿದವರಿಗೆ ಇದು ತೀರಾ ಹೊಸದೇನಲ್ಲ.

ಅಂದು ಕಥೆ ನಡೆಸುತ್ತಿದ್ದವನು ನಾನು. ಗೆಳೆಯನ ಮಂತ್ರವಾದಿ ಇಕ್ಕಟ್ಟಾದ ಸುರಂಗದಲ್ಲಿ ಬೆಂಕಿಯುಂಡೆ ಎಸೆದ. ಜಾಗ ಚಿಕ್ಕದು, ಬೆಂಕಿ ಹಿಂದಕ್ಕೂ ನುಗ್ಗುತ್ತದೆ, ನೀನೂ ಸುಟ್ಟೆ ಎಂದೆ. ಪುಸ್ತಕದಲ್ಲಿ ಹಾಗಿಲ್ಲವಲ್ಲ ಎಂದ. ನಾವು ಆಡುತ್ತಿದ್ದ 2014ರ ಆವೃತ್ತಿಯಲ್ಲಿ ನಿಜಕ್ಕೂ ಹಾಗಿಲ್ಲ. ಎದುರಾಎದುರು ಕೂತಿದ್ದಾಗ ನಗುನಗುತ್ತಲೇ ಮುಗಿದ ಮಾತು ಅದು. ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಎದ್ದಿತು. ನಿನಗೆ ಕಥೆ ಬೇಕಿಲ್ಲ, ಲೆಕ್ಕ ಬೇಕು ಎಂದು ಬರೆದೆ. ಅವನೂ ಏನೋ ಬರೆದ. ಹನ್ನೊಂದೂವರೆ ಹೊತ್ತಿಗೆ ನಾನು ಇನ್ನೊಂದು ಸಾಲು ಕಳಿಸಿದೆ: ಲೆಕ್ಕದಲ್ಲಿ ಅಷ್ಟು ಗಟ್ಟಿಗನಾಗಿದ್ದರೆ ಸಿಎ ಯಾಕಪ್ಪಾ ಪಾಸಾಗಲಿಲ್ಲ? ಅವನು ಮೂರು ಸಲ ಆ ಪರೀಕ್ಷೆಯಲ್ಲಿ ಸೋತಿದ್ದು ಗುಂಪಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ನೋಡಿದರೆ ಅವನು ಗುಂಪು ಬಿಟ್ಟಿದ್ದ.

ಆಮೇಲೆ ನಾನು ಮಾಡಿದ್ದು ಕ್ಷಮೆ ಕೇಳುವ ಕೆಲಸವನ್ನಲ್ಲ. ನಾನು ಸರಿ ಎಂದು ಸಾಬೀತು ಮಾಡಲು ಹಳೆಯ ನಿಯಮಪುಸ್ತಕಗಳನ್ನು ಹುಡುಕಿದೆ. ಸಿಕ್ಕೇಬಿಟ್ಟಿತು. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಪ್ರಕಾರ ಬೆಂಕಿಯುಂಡೆ ಸುಮಾರು 33,000 ಘನ ಅಡಿ ಜಾಗವನ್ನು ತುಂಬುತ್ತದೆ, ಸುರಂಗ ಕಿರಿದಾಗಿದ್ದರೆ ಅದರ ಆಕಾರಕ್ಕೆ ತಕ್ಕಂತೆ ಉದ್ದಕ್ಕೆ ಹರಡುತ್ತದೆ. ಆ ಪುಟದ ಫೋಟೋ ತೆಗೆದು ಅವನಿಗೆ ಕಳಿಸಬೇಕೆಂದು ಬೆರಳು ತುರಿಸಿದ್ದು ಸುಳ್ಳಲ್ಲ. ಆದರೆ ಹುಡುಕುತ್ತ ಹೋದಂತೆ ನಮ್ಮ ಜಗಳ ನಮಗಿಂತ ಹಿರಿಯದು ಎಂದು ಗೊತ್ತಾಯಿತು.

ಈ ಆಟ ಅಚ್ಚಾಗಿ ಹೊರಬಂದದ್ದು 1974ರ ಜನವರಿಯಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ. ಬರೆದವರು ಇಬ್ಬರು, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್. ಒಂದು ಡಬ್ಬಿಯಲ್ಲಿ ಮೂರು ಕಿರುಹೊತ್ತಿಗೆಗಳು, ಬೆಲೆ 10 ಡಾಲರ್, ಮೊದಲ ಮುದ್ರಣ 1,000 ಪ್ರತಿ. ಆರ್ನ್‌ಸನ್ ಮಿನೆಸೋಟದಲ್ಲಿ ತನ್ನ ಗೆಳೆಯರ ಜೊತೆ ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪನೆಯ ಸೀಮೆಯಲ್ಲಿ ಆಡಿಸುತ್ತಿದ್ದುದನ್ನು 1972ರ ಕೊನೆಯಲ್ಲಿ ಗೈಗ್ಯಾಕ್ಸ್‌ಗೆ ಆಡಿ ತೋರಿಸಿದ್ದ. ಗೈಗ್ಯಾಕ್ಸ್ ಅದಕ್ಕೆ ನಿಯಮದ ರೂಪ ಕೊಟ್ಟ. ಆ ನಿಯಮಗಳೋ, ಅರ್ಧಂಬರ್ಧ. ಪುಸ್ತಕವನ್ನು ಮಾತ್ರ ಓದಿ ಆಡುವುದು ಕಷ್ಟ. ಮೂರನೆಯ ಹೊತ್ತಿಗೆಯ ಕೊನೆಯಲ್ಲಿ ಕರ್ತೃಗಳೇ ಓದುಗರಿಗೆ ಹೇಳುತ್ತಾರೆ: ಸಂದೇಹ ಬಂದಲ್ಲಿ ನೀವೇ ತೀರ್ಮಾನಿಸಿಕೊಳ್ಳಿ, ನಿಮ್ಮ ಪಾಲಿನ ಕಲ್ಪನೆಯನ್ನು ನಾವೇಕೆ ಮಾಡಬೇಕು? ಹೀಗೆಂದ ಮೇಲೆ ಊರಿಗೊಂದು ಆಟ ಹುಟ್ಟಿತು. ಊರಿಗೊಂದು ಆಟ ಇದ್ದಲ್ಲಿ ಯಾರ ಆಟ ಅಸಲಿ ಎಂಬ ಪ್ರಶ್ನೆಯೂ ಹುಟ್ಟುತ್ತದೆ.

ಈ ಪ್ರಶ್ನೆ ಓಡಾಡಿದ್ದು ಅಂಚೆಯಲ್ಲಿ. ಲಾಸ್ ಏಂಜಲೀಸ್‌ನ ವಿಜ್ಞಾನಕಥೆ ಪ್ರೇಮಿಗಳ ಬಳಗ ವಾರವಾರ ಒಂದು ಪತ್ರಸಂಪುಟ ಹೊರಡಿಸುತ್ತಿತ್ತು. ಅದರಲ್ಲಿ ಹೊಸ ಆಟದ ಮಾತೇ ತುಂಬಿಹೋಗಿ ಉಳಿದವರು ಬೇಸತ್ತಾಗ, ಬಳಗದ ಲೀ ಗೋಲ್ಡ್ ಎಂಬಾಕೆ ಆಟದವರಿಗೆಂದೇ 1975ರ ಜೂನ್‌ನಲ್ಲಿ ‘ಅಲಾರಮ್ಸ್ ಅಂಡ್ ಎಕ್ಸ್‌ಕರ್ಶನ್ಸ್’ ಎಂಬ ಮಾಸಿಕವನ್ನು ಶುರು ಮಾಡಿದರು. ಅದು ನಾವು ತಿಳಿದ ಅರ್ಥದ ಪತ್ರಿಕೆಯಲ್ಲ. ಬರೆಯುವವರು ತಮ್ಮ ಪುಟಗಳನ್ನು ತಾವೇ ಸಿದ್ಧಪಡಿಸಿ ಕಳಿಸಬೇಕು. ಬಂದದ್ದನ್ನೆಲ್ಲ ಸೈಕ್ಲೋಸ್ಟೈಲ್ ಮಾಡಿ, ಜೋಡಿಸಿ, ಪಿನ್ ಹೊಡೆದು ಎಲ್ಲರಿಗೂ ಅಂಚೆಗೆ ಹಾಕುವುದು ಲೀ ಗೋಲ್ಡ್ ಕೆಲಸ. ನಮ್ಮ ಕಾಲೇಜುಗಳ ಕೈಬರಹದ ಪತ್ರಿಕೆಗಳನ್ನು ನೆನೆಸಿಕೊಳ್ಳಿ. ಈ ತಿಂಗಳು ನೀವು ಬರೆದದ್ದಕ್ಕೆ ಮುಂದಿನ ತಿಂಗಳು ಹತ್ತು ಜನ ಉತ್ತರಿಸುತ್ತಾರೆ, ಅದರ ಮುಂದಿನ ತಿಂಗಳು ನೀವು ಆ ಹತ್ತು ಜನರಿಗೆ.

ಎರಡನೆಯ ಸಂಚಿಕೆಯಲ್ಲೇ ಗೈಗ್ಯಾಕ್ಸ್ ಬರೆದ ಪತ್ರವಿದೆ. ಎಷ್ಟೋ ವಿಷಯಗಳಲ್ಲಿ ತನಗೂ ಆರ್ನ್‌ಸನ್‌ಗೂ ಒಮ್ಮತವಿಲ್ಲ, ಆಟ ಊರೂರಿಗೆ ಬೇರೆಯಾಗುವುದೇ ತನಗಿಷ್ಟ ಎಂಬ ಧಾಟಿಯ ಪತ್ರ ಅದು. ಓದಿದರೆ ಪಕ್ಕದಲ್ಲಿ ಕೂತು ಕಾಫಿ ಕುಡಿಯಬೇಕೆನಿಸುವ ಮನುಷ್ಯ.

ಮೂರು ವರ್ಷದ ನಂತರದ ಗೈಗ್ಯಾಕ್ಸ್ ಬೇರೆ. 1978ರ ಜುಲೈನಲ್ಲಿ, ತನ್ನದೇ ಕಂಪನಿಯ ‘ದಿ ಡ್ರ್ಯಾಗನ್’ ಪತ್ರಿಕೆಯಲ್ಲಿ ವಾಸ್ತವಿಕತೆ ಮತ್ತು ಆಟದ ತರ್ಕವನ್ನು ಕುರಿತು ಒಂದು ಲೇಖನ ಬರೆದ. ಮಂತ್ರಶಕ್ತಿಗೆ ಅಂಕ ಕೊಡಬೇಕೆನ್ನುವವರು, ಕತ್ತಿಯೇಟು ‘ನಿಜದಂತೆ’ ಇರಬೇಕೆನ್ನುವವರು, ಎಲ್ಲರಿಗೂ ಅಲ್ಲಿ ಪೂಜೆ. ಈ ಅಂಚೆ ಸಂಪುಟಗಳನ್ನಂತೂ ಸ್ವಂತ ಹೆಸರಿನ ಚಪಲಕ್ಕೆ ಅಚ್ಚು ಹಾಕಿಸಿಕೊಳ್ಳುವವರ ತೀರಾ ಕೀಳು ಮಾದರಿ ಎಂದು ತಳ್ಳಿಹಾಕಿದ. ಅಷ್ಟು ಹೊತ್ತಿಗೆ ಮಾರುಕಟ್ಟೆ ಬೆಳೆದಿತ್ತು, ಅನುಕರಿಸುವವರು ಹೆಚ್ಚಿದ್ದರು. ಎಲ್ಲರೂ ಒಂದೇ ರೀತಿ ಆಡಬೇಕೆನ್ನುವ ‘ಅಡ್ವಾನ್ಸ್‌ಡ್’ ನಿಯಮಗಳ ದಪ್ಪ ಸಂಪುಟಗಳು ಒಂದೊಂದಾಗಿ ಬರುತ್ತಿದ್ದವು. ಅವುಗಳ ಮುಖಪುಟದಲ್ಲಿ ಆರ್ನ್‌ಸನ್ ಹೆಸರಿರಲಿಲ್ಲ. 1979ರಲ್ಲಿ ಆರ್ನ್‌ಸನ್ ಗೌರವಧನಕ್ಕಾಗಿ ದಾವೆ ಹೂಡಿದ. 1981ರಲ್ಲಿ ರಾಜಿಯಾಯಿತು. ಒಮ್ಮತವಿಲ್ಲದಿದ್ದರೂ ಸಂತೋಷವಾಗಿದ್ದೇವೆ ಎನ್ನುತ್ತಿದ್ದ ಇಬ್ಬರು ವಕೀಲರ ಮೂಲಕ ಮಾತಾಡುವಂತಾದರು. ಹಣ ಬಂದದ್ದೇ ಕಾರಣ ಎಂದುಬಿಡುವುದು ಸುಲಭ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಮಹಡಿ ಕೋಣೆಯಲ್ಲಿ ಬಿಡಿಗಾಸೂ ಇರಲಿಲ್ಲ.

ಜಗಳ ತಣ್ಣಗಾಗಿಸಲು ಪ್ರಯತ್ನಿಸಿದವರೂ ಇದ್ದರು. ಗ್ಲೆನ್ ಬ್ಲೇಕೋ ಎಂಬ ಆಟಗಾರ 1980ರಲ್ಲಿ ‘ಡಿಫರೆಂಟ್ ವರ್ಲ್ಡ್ಸ್’ ಪತ್ರಿಕೆಯಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ: ಬಲ ಬೆಳೆಸಿಕೊಳ್ಳಲು ಆಡುವವರು, ಪಾತ್ರವನ್ನು ಜೀವಿಸಲು ಆಡುವವರು, ಯುದ್ಧತಂತ್ರಕ್ಕಾಗಿ ಆಡುವವರು, ಕಥೆಗಾಗಿ ಆಡುವವರು. ನೀನು ತಪ್ಪಲ್ಲ, ನಿನಗೆ ಬೇಕಾದ್ದು ಬೇರೆ, ಅಷ್ಟೇ. ಎಷ್ಟು ಒಳ್ಳೆಯ ಮಾತು! ಆದರೆ ಹೆಸರಿಟ್ಟ ಮೇಲೆ ಆ ಹೆಸರೇ ಬೈಗುಳವಾಗಲು ಎಷ್ಟು ಹೊತ್ತು ಬೇಕು? ಮೊದಲನೆಯ ಬಗೆಯ ಇಂಗ್ಲಿಷ್ ಹೆಸರಾದ ‘ಪವರ್ ಗೇಮರ್’ ಎಂಬುದನ್ನು ಇಂದಿಗೂ ಯಾರೂ ಮೆಚ್ಚುಗೆಗೆ ಬಳಸುವುದಿಲ್ಲ. 1990ರ ದಶಕದಲ್ಲಿ ಯೂಸ್‌ನೆಟ್ ಬಳಗದವರು ಇನ್ನೊಂದು ವಿಂಗಡಣೆ ಮಾಡಿದರು, ನಾಟಕ, ಆಟ, ಅನುಕರಣೆ ಎಂದು ಮೂರು ಬಗೆ. ಅದೂ ಕೈಗೊಂದು ಕೋಲಾಯಿತು. ನಿನಗೆ ಕಥೆ ಬೇಕಿಲ್ಲ, ಲೆಕ್ಕ ಬೇಕು ಎಂದು ನಾನು ಆ ರಾತ್ರಿ ಬೀಸಿದ್ದು ಅದೇ ಕೋಲು. ಅದು ಅಷ್ಟು ಹಳೆಯದೆಂದು ಆಗ ಗೊತ್ತಿರಲಿಲ್ಲ.

ಹೊರಗಿನವರ ದ್ವೇಷವನ್ನು ಈ ಬಳಗ ಎದುರಿಸಿದ ರೀತಿ ಇದಕ್ಕಿಂತ ಗೌರವದ್ದಾಗಿತ್ತು. ಮಗನನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡ ಪೆಟ್ರೀಷಿಯಾ ಪುಲಿಂಗ್ ಎಂಬ ತಾಯಿ ಈ ಆಟವೇ ಕಾರಣವೆಂದು ನಂಬಿ 1983ರಲ್ಲಿ ಒಂದು ಸಂಘ ಕಟ್ಟಿದರು. ಆಟ ಸೈತಾನನದ್ದು ಎಂಬ ಕೂಗು ಟಿವಿಯವರೆಗೂ ಹೋಯಿತು. ಆಟಗಳನ್ನು ಬರೆಯುತ್ತಿದ್ದ ಮೈಕಲ್ ಸ್ಟ್ಯಾಕ್‌ಪೋಲ್ 1990ರಲ್ಲಿ ಒಂದು ವರದಿ ಬರೆದು ಆಕೆಯ ಅಂಕಿಅಂಶಗಳನ್ನೂ ಉದಾಹರಣೆಗಳನ್ನೂ ಒಂದೊಂದಾಗಿ ಪರಿಶೀಲಿಸಿದ. ಸಂಬಂಧಪಟ್ಟ ವಿಷಯವನ್ನಷ್ಟೇ ಹಿಡಿದ ಶ್ರಮ ಅದು. ಆದರೆ ಅಪರಿಚಿತರೊಡನೆ ಹಾಗೆ ವಾದಿಸುವುದು ಸುಲಭವೇನೋ. ಅವರ ಮರ್ಮ ಎಲ್ಲಿದೆಯೆಂದು ನಮಗೆ ಗೊತ್ತಿರುವುದಿಲ್ಲ.

ಅಂಚೆಯ ನಿಧಾನವೇ ಜಗಳಕ್ಕೆ ಮದ್ದಾಗಿತ್ತೆಂದು ಬರೆಯುವ ಆಸೆಯಿತ್ತು. ಹಾಗೆ ಬರೆದರೆ ಸುಳ್ಳಾಗುತ್ತದೆ. ತಿಂಗಳು ಕಾದ ಸಿಟ್ಟು ಆರುವುದಿಲ್ಲ, ಚೆನ್ನಾಗಿ ಟೈಪಾಗಿ ಬರುತ್ತದೆ. ನನಗೆ ಕಂಡ ವ್ಯತ್ಯಾಸ ಬೇರೆಯದು. ಅಲ್ಲಿ ಒಬ್ಬರು ಕಳಿಸುವ ಐದಾರು ಪುಟಗಳಲ್ಲಿ ಜಗಳಕ್ಕೆ ಒಂದು ಪ್ಯಾರಾ. ಉಳಿದಂತೆ ಕಳೆದ ವಾರದ ಆಟದ ಕಥೆ, ಹೊಸದೊಂದು ನಿಯಮ, ಬೇರೆ ಒಂಬತ್ತು ಜನರಿಗೆ ಉತ್ತರ. ಬೈಯುವ ಮನುಷ್ಯ ಪೂರ್ತಿ ಕಾಣುತ್ತಿದ್ದ, ಬೈಸಿಕೊಳ್ಳುವವನೂ. ಲೀ ಗೋಲ್ಡ್ ಈ ಕೆಲಸವನ್ನು 2025ರವರೆಗೆ ನಡೆಸಿದರು. ಹತ್ತಿರ ಹತ್ತಿರ 50 ವರ್ಷ, ಸುಮಾರು 600 ಸಂಚಿಕೆ. ಅಷ್ಟು ಕಾಲ ಜಗಳಗಂಟರ ಪುಟಗಳಿಗೆ ಪಿನ್ ಹೊಡೆದ ಕೈ ಅದು. ನನಗಂತೂ ಗೈಗ್ಯಾಕ್ಸ್‌ಗಿಂತ ಅವರೇ ದೊಡ್ಡವರಾಗಿ ಕಾಣುತ್ತಾರೆ.

ಗೈಗ್ಯಾಕ್ಸ್ ವಿಷಯದಲ್ಲೂ ಒಂದು ಮಾತು ಉಳಿದಿದೆ. 1986ರಲ್ಲಿ ತಾನೇ ಕಟ್ಟಿದ ಕಂಪನಿಯಿಂದ ಹೊರಬಿದ್ದ ಈತ, ಕೊನೆಯ ಆರೇಳು ವರ್ಷ ಅಂತರ್ಜಾಲದಲ್ಲಿ ಅಭಿಮಾನಿಗಳ ಪ್ರಶ್ನೆಗಳಿಗೆ ಕೂತು ಉತ್ತರಿಸುತ್ತಿದ್ದ. ಅದೇ ನಿಯಮಗಳು, ಅದೇ ಅನುಮಾನಗಳು. ಬಹುತೇಕ ಉತ್ತರಗಳಲ್ಲಿ 1975ರ ಆ ಪತ್ರದ ಧಾಟಿಯೇ ಇದೆ, ನಿಮ್ಮ ಮೇಜಿನಲ್ಲಿ ನಿಮಗೆ ಸರಿಕಂಡಂತೆ ಮಾಡಿ ಎಂದು. 2008ರ ಮಾರ್ಚ್‌ನಲ್ಲಿ ತೀರಿಕೊಂಡ. ಮರುವರ್ಷ ಏಪ್ರಿಲ್‌ನಲ್ಲಿ ಆರ್ನ್‌ಸನ್ ಹೋದ.

ಹೋದ ತಿಂಗಳು ಮಲ್ಲೇಶ್ವರದ ಅಂಚೆ ಕಚೇರಿಯಿಂದ ಒಂದು ಇನ್‌ಲ್ಯಾಂಡ್ ಲೆಟರ್ ತಂದೆ. ಮೊದಲ ಸಲ ಬರೆದಾಗ ಎರಡನೆಯ ಸಾಲಿನಲ್ಲೇ 33,000 ಘನ ಅಡಿ ನುಸುಳಿತ್ತು. ಹರಿದು ಇನ್ನೊಂದು ತಂದೆ. ಅದರಲ್ಲಿ ಸಿಎ ವಿಷಯ ಬರೆದದ್ದಕ್ಕೆ ಕ್ಷಮೆ ಕೇಳಿದೆ. ಜಾಗ ಉಳಿದಿತ್ತು. ಅಮ್ಮನ ಮಂಡಿನೋವು, ಕೋಣೆಯ ಸೋರುವ ಮೂಲೆ, ನಾಲ್ಕೇ ಜನರ ಆಟ ಹೇಗೆ ಕುಂಟುತ್ತಿದೆ ಎಂಬುದನ್ನೆಲ್ಲ ಬರೆದು ಅಂಚೆಗೆ ಹಾಕಿದೆ. ಉತ್ತರ ಬಂದಿಲ್ಲ. ಅವನ ಪಾತ್ರದ ಹಾಳೆ ನನ್ನ ಫೈಲಿನಲ್ಲೇ ಇದೆ. ಸುಟ್ಟ ಮಂತ್ರವಾದಿಗೆ ಅದರಲ್ಲಿ ಇನ್ನೂ 4 ಅಂಕದಷ್ಟು ಜೀವ ಉಳಿದಿದೆ.