ಹಳೇ ತಂತ್ರಾಂಶ, ಹೊಸ ಕಂಪ್ಯೂಟರ್, ನಡುವೆ ನಮ್ಮ ಕನ್ನಡ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ... ನಮ್ಮ ಕಡೆ ಎಲ್ಲಿಗೆ ಹೋದರೂ ಡಿಟಿಪಿ ಅಂಗಡಿ ಇದ್ದೇ ಇದೆ. ಲಗ್ನಪತ್ರಿಕೆ, ಕ್ರಯಪತ್ರ, ಜಾತ್ರೆ ಕರಪತ್ರ ಎಲ್ಲ ಅಲ್ಲೇ. ಹೊಸ ಕಂಪ್ಯೂಟರ್ ತಂದವರು ನನ್ನನ್ನು ಕೇಳುವುದು ಒಂದೇ: “ಹಳೇದು ಇದರಲ್ಲಿ ಯಾಕಣ್ಣಾ ಓಪನ್ ಆಗ್ತಿಲ್ಲ?” ಉತ್ತರಕ್ಕೆ ಸ್ವಲ್ಪ ಚರಿತ್ರೆ ಬೇಕು.

1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಜಿಸ್ಟ್ ಹುಟ್ಟಿತು. ಕಂಪ್ಯೂಟರಿನೊಳಗೆ ಒಂದು ಕಾರ್ಡ್ ಸಿಕ್ಕಿಸಿದರೆ ಡಾಸ್‌ನಲ್ಲೂ ಭಾರತೀಯ ಭಾಷೆಗಳ ಅಕ್ಷರ ಮೂಡುತ್ತಿತ್ತು. ಆ ಕಾರ್ಡ್ ಕೂರುವ ಜಾಗವೇ ಈಗಿನ ಮದರ್‌ಬೋರ್ಡಿನಲ್ಲಿಲ್ಲ!

ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದ ಎಷ್ಟೋ ಡಾಸ್ ತಂತ್ರಾಂಶಗಳದ್ದು ಇನ್ನೊಂದು ಕಥೆ. ಅವು ಏಳುವಾಗಲೇ ಪ್ರೊಸೆಸರಿನ ವೇಗ ಅಳೆಯುತ್ತಿದ್ದವು. 1990ರ ದಶಕದ ಕೊನೆಯ ವೇಗದ ಪ್ರೊಸೆಸರುಗಳಲ್ಲಿ ಲೆಕ್ಕ ಹಿಡಿಸದೆ “ರನ್‌ಟೈಮ್ ಎರರ್ 200” ಎಂದು ನಿಂತವು. ವೇಗವೇ ರೋಗ! ಮುಂದೆ 64 ಬಿಟ್ ವಿಂಡೋಸ್ ಬಂದಾಗ 16 ಬಿಟ್ ತಂತ್ರಾಂಶಗಳಿಗೆಲ್ಲ ಬಾಗಿಲು ಮುಚ್ಚಿತು. 2021ರ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ.

ತಂತ್ರಾಂಶ ಏಳಿಸಲು ದಾರಿಯಿದೆ. ಡಾಸ್‌ನದಾದರೆ ಡಾಸ್‌ಬಾಕ್ಸ್, ಹಳೇ ವಿಂಡೋಸಿನದಾದರೆ ವರ್ಚುವಲ್ ಮಷೀನ್. ಆದರೆ ಅದಕ್ಕೂ ಮೊದಲು ಕಡತಗಳ ನಕಲು ತೆಗೆದಿಡಿ. ಕಳೆದುಹೋದರೆ ಸಿಗದಿರುವುದು ತಂತ್ರಾಂಶವಲ್ಲ, ಬರಹ.

ಅದು ಕಡತ ತೆರೆದ ಮೇಲೆ ಗೊತ್ತಾಗುತ್ತದೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ಆಗಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ‘ಕೋಲಾರ’ ಎಂದು ಬರೆದದ್ದು ಕೊಂಬು, ಬಾಲ ಅಂಟಿದ ಇಂಗ್ಲಿಷ್ ಅಕ್ಷರಗಳ ಸಂತೆ! ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡವಿದೆ, 2001ರ ವಿಂಡೋಸ್ ಎಕ್ಸ್‌ಪಿಯಲ್ಲೂ ಇತ್ತು. ಅಭ್ಯಾಸ ಬದಲಾಗಲಿಲ್ಲ, ಅಷ್ಟೇ.

ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಕಣ್ಣುಮುಚ್ಚಿ ನಂಬಬೇಡಿ. ‘ಕರ್ನಾಟಕ’ದ ಅರ್ಕಾವೊತ್ತು ಹಳೇ ಕಡತದಲ್ಲಿ ‘ನಾ’ ಆದಮೇಲೆ ಇರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ನುಡಿ ಫಾಂಟಿನಲ್ಲಿ ಇಂಗ್ಲಿಷಿನ ದೊಡ್ಡ ‘ಎ’ ಜಾಗದಲ್ಲಿರುವುದು ಅನುಸ್ವಾರ. ಹಾಗಾಗಿ ಕ್ರಯಪತ್ರದ ಸರ್ವೆ ನಂಬರಿಗೆ ಇಂಗ್ಲಿಷಿನಲ್ಲಿ ‘ಎ’ ಸೇರಿಸಿದ್ದರೆ ಅದು ಸೊನ್ನೆಯಂತೆ ಕಾಣುವ ‘ಂ’ ಆಗಿಬಿಡಬಹುದು! ಲಗ್ನಪತ್ರಿಕೆಯಾದರೆ ನಕ್ಕು ಸುಮ್ಮನಾಗಬಹುದು, ಜಮೀನಾದರೆ?

ಒಂದು ಸಮಾಧಾನ: ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಏನೂ ಕಲಿಯಬೇಕಿಲ್ಲ, ಅದೇ ವಿನ್ಯಾಸ ಯೂನಿಕೋಡ್‌ಗೂ ಇದೆ.

ನಿಮ್ಮ ಮನೆಯ ಅಟ್ಟದ ಮೇಲೂ ಹಳೇ ಕಂಪ್ಯೂಟರ್ ಇರಬಹುದು. ಗುಜರಿಗೆ ಕೊಡುವ ಮೊದಲು ಒಮ್ಮೆ ಒಳಗೆ ಇಣುಕಿ ನೋಡಿ. ಯಾರದೋ ಬರಹ ಅಲ್ಲೇ ಕಾದಿರಬಹುದು.